ನಂಬಾದ ಮೈದಾನ

"ಬೇಸ್‌ಬಾಲ್ ಗ್ರೌಂಡ್ ಮೇಲೆ ಮನೆ ಕಟ್ಟಿದ್ರಾ? ಸುಮ್ನೆ ರೈಲು ಬಿಡಬೇಡಿ!"

ರಮಾ ಹೀಗೆಂದಾಗ ಆರ್ಲಿಂಗ್ಟನ್ ಸ್ಟೇಡಿಯಮ್ಮಿನಲ್ಲಿ ಬೇಸ್‌ಬಾಲ್ ಪಂದ್ಯ ಅರ್ಧಕ್ಕೆ ಬಂದಿತ್ತು. ಗೆಳತಿ ಸುಚೇತಾ ಅವಳನ್ನು ಬಲವಂತವಾಗಿ ಕರೆತಂದು, ತನ್ನ ಆಫೀಸಿನ ಹಿರಿಯ ಸಹೋದ್ಯೋಗಿ, ಒಂಟಿಯಾಗಿದ್ದ ಮೋಹನರಾಜನ ಪಕ್ಕದಲ್ಲಿ ಕೂರಿಸಿದ್ದಳು. ಆಮೇಲೆ ನ್ಯಾಚೋಸ್ ತರುತ್ತೇನೆಂದು ಹೋದವಳ ಪತ್ತೆಯೇ ಇರಲಿಲ್ಲ.

"ರೈಲು ಬಿಡೋದು ನಾನಲ್ಲ, ಆ ಗ್ರೌಂಡಲ್ಲಿ ಆಡ್ತಿದ್ದ ಟೀಮಿನ ಓನರ್," ಎಂದ ಮೋಹನರಾಜ. "ನಿಜವಾಗ್ಲೂ. ಟೀಮ್ ಒಂದು ರೈಲ್ವೆ ಕಂಪನೀದು. ಸ್ಟೇಷನ್ ಪಕ್ಕದಲ್ಲೇ ಸ್ಟೇಡಿಯಂ. ಜಪಾನಿನ ಒಸಾಕಾದಲ್ಲಿ ನಂಬಾ ಅಂತ ಜಾಗ."

"ನಂಬಾ? ಹೆಸರು ಕೇಳಿದ್ರೇನೇ ನಂಬೋ ಹಾಗಿಲ್ಲ."

ಅವನು ನಕ್ಕ. ಆದರೆ ಕನ್ನಡಕದ ಹಿಂದಿನ ಕಣ್ಣುಗಳು ನಗಲಿಲ್ಲ. ಅರವತ್ತರ ಹೊಸ್ತಿಲಲ್ಲಿದ್ದ ಆ ಮನುಷ್ಯ ಮೈದಾನದ ಕಡೆ ಮುಖ ತಿರುಗಿಸಿದ.

ಮಕ್ಕಳ ಡಾಕ್ಟರಾಗಿದ್ದ ರಮಾಳಿಗೆ, ಎಲ್ಲಿ ನೋವಾಗಿದೆ ಎಂದು ಬಾಯಿಬಿಟ್ಟು ಹೇಳದವರನ್ನು ಓದುವುದು ಅಭ್ಯಾಸ. ಕಾಪೆಲ್ ಊರಿನ ತನ್ನ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಹುಡುಕಿದಳು. ಚಿತ್ರ ಸಿಕ್ಕಿತು. ಸುತ್ತಲೂ ಕಡಿದಾಗಿ ಮೇಲೇರಿದ ಖಾಲಿ ಸೀಟುಗಳ ಸಾಲು. ಕೆಳಗೆ, ಆಟ ನಡೆಯುತ್ತಿದ್ದ ನೆಲದ ಮೇಲೆ, ಓರಣವಾಗಿ ನಿಂತ ಹೊಚ್ಚಹೊಸ ಮನೆಗಳು! ಕೊಳ್ಳುವವರಿಗೆ ತೋರಿಸಲೆಂದು ಕಟ್ಟಿದ ಮಾಡೆಲ್ ಹೋಮ್‌ಗಳು.

ಸುಚೇತಾಳಿಂದ ನಂಬರ್ ಪಡೆದು ಫೋನ್ ಮಾಡಿದಳು. "ಸಾರಿ. ನೀವು ಹೇಳಿದ್ದು ನಿಜ."

"ಸಾರೀನ ಫೋನಲ್ಲಿ ತಗೊಳ್ಳಲ್ಲ, ಡಾಕ್ಟ್ರೇ. ಫಿಲ್ಟರ್ ಕಾಫಿ ಜೊತೆ ಆದ್ರೆ ಯೋಚನೆ ಮಾಡ್ತೀನಿ."

ಹಾಗೆ ಶುರುವಾದದ್ದು ರಮಾಳ ಮನೆಯ ಭಾನುವಾರದ ಕಾಫಿ. ಇಪ್ಪತ್ತಮೂರರ ಹುಡುಗನಾಗಿ ಟ್ರೇನಿಂಗಿಗೆಂದು ಒಸಾಕಾಕ್ಕೆ ಹೋದ ಮೋಹನರಾಜನಿಗೆ ಭಾಷೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಸಂಜೆಯಾದರೆ ಆ ಸ್ಟೇಡಿಯಮ್ಮಿಗೆ ಹೋಗಿ ಕೂರುತ್ತಿದ್ದ. ಯುದ್ಧದಲ್ಲಿ ಬಾಂಬಿಗೆ ಸುಟ್ಟುಹೋದ ತಂಬಾಕು ಕಾರ್ಖಾನೆಯ ಜಾಗದಲ್ಲಿ ಎದ್ದದ್ದು ಅದು. ಅಕ್ಕಪಕ್ಕದ ಮುದುಕರು ಅವನಿಗೆ ಆಟದ ಜೊತೆ ಜಪಾನಿಯನ್ನೂ ಕಲಿಸಿದ್ದರು.

"ಆಮೇಲೊಂದ್ಸಲ ಹೋದಾಗ ಆ ಮಾಡೆಲ್ ಮನೆಯೊಳಗೆ ನಿಂತಿದ್ದೆ," ಎಂದ ಒಂದು ಭಾನುವಾರ. "ಅಡುಗೆಮನೆ ಕಿಟಕಿ ತೆಗೆದ್ರೆ ಸಾವಿರಾರು ಖಾಲಿ ಸೀಟು. ಪಾತ್ರೆ ತೊಳೆಯೋಳನ್ನ ನೋಡೋಕೆ ಅಷ್ಟು ಜನ ಪ್ರೇಕ್ಷಕರಿಗೆ ಜಾಗ!"

"ತೊಳೆಯೋಳು ಯಾಕೆ? ತೊಳೆಯೋನು ಅನ್ನಿ."

ಅವನು ಎದ್ದು ತೋಳು ಮಡಚಿ ಸಿಂಕಿನ ಮುಂದೆ ನಿಂತ. ರಮಾ ಬಾಗಿಲಿಗೆ ಒರಗಿ ನೋಡಿದಳು. ನರೆತ ಕೂದಲಿನ ಕೆಳಗೆ ಕುತ್ತಿಗೆ ನಸುಗೆಂಪಾಗುತ್ತಿತ್ತು.

"ಹಾಗೆ ನೋಡಬೇಡ್ರೀ. ಲೋಟ ಜಾರುತ್ತೆ."

"ಪ್ರೇಕ್ಷಕಿ ಒಬ್ಬಳೇ. ಅದಕ್ಕೇ ಇಷ್ಟು ಗಾಬರಿನಾ?"

ಗಂಡ ತೀರಿಕೊಂಡ ಮೇಲೆ ಆ ಅಡುಗೆಮನೆಯಲ್ಲಿ ತಾನು ಹೀಗೆ ನಕ್ಕೇ ಇರಲಿಲ್ಲವೆಂದು ಅವಳಿಗೆ ಆಮೇಲೆ ಹೊಳೆಯಿತು. ಹೊಳೆದು, ಹೆದರಿಕೆಯೂ ಆಯಿತು. ಏಕೆಂದರೆ ಮಗಳು ಸಿಯಾ ಇದ್ದ ಆಸ್ಟಿನ್‌ಗೆ ಶಿಫ್ಟ್ ಆಗುವುದಾಗಿ, ಅಲ್ಲಿನ ಕ್ಲಿನಿಕ್ಕೊಂದನ್ನು ಸೇರುವುದಾಗಿ ಅವಳು ಇವನ ಪರಿಚಯಕ್ಕೂ ಮೊದಲೇ ಒಪ್ಪಿಕೊಂಡಿದ್ದಳು. ಸಿಯಾ ಈಗ ತುಂಬು ಬಸುರಿ. ಈ ವಿಷಯ ಮೋಹನರಾಜನಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದರು.

ನವೆಂಬರ್ ಬಂತು. ಸಾಮಾನಿನ ಟ್ರಕ್ ಹೊರಟ ಬೆಳಿಗ್ಗೆ ಮೋಹನರಾಜ ಚಿತ್ರಾನ್ನದ ಡಬ್ಬಿ ಹಿಡಿದು ಬಂದ. ಉಳಿದ ಚೀಲಗಳನ್ನು ಅವಳ ಕಾರಿಗೆ ಹಾಕಿದ. ಇನ್ನೇನೂ ಉಳಿಯಲಿಲ್ಲ.

"ಸರಿ," ಎಂದಳು ರಮಾ. "ಹೋಗಿ ಬರ್ತೀನಿ."

ಅವನ ಮುಖ ಬಿಳುಚಿಕೊಂಡಿತು. "ಹಾಗನ್ನಬೇಡಿ."

"ಮತ್ತೆ ಏನನ್ನಲಿ?"

"ಆ ಟೀಮಿನ ಕೊನೇ ಮ್ಯಾಚಿಗೆ ನಾನಿದ್ದೆ," ಅವನು ಕಾರಿನ ಬಾಗಿಲು ಹಿಡಿದುಕೊಂಡ. "ಕಂಪನಿ ಟೀಮನ್ನ ಮಾರಿಬಿಟ್ಟಿತ್ತು. ದೂರದ ಫುಕುವೋಕಾಗೆ ಹೊರಟಿದ್ರು. ಆಟ ಮುಗಿದ ಮೇಲೆ ಅವರ ಮ್ಯಾನೇಜರ್ ಮೈಕ್ ಹಿಡಿದು, 'ಇತ್ತೆ ಮೈರಿಮಾಸು' ಅಂದ್ರು. ಅಂದ್ರೆ, ಹೋಗಿ ಬರ್ತೀವಿ. ಅವರೂ ನಮ್ಮ ಹಾಗೇನೇ ರಮಾ, ಹೋಗ್ತೀವಿ ಅನ್ನಲ್ಲ. ಸುತ್ತ ಇದ್ದ ಗಂಡಸರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನಾನು ಅಳಲಿಲ್ಲ. ಬರ್ತಾರೆ ಅಂದ್ಕೊಂಡೆ. ಅವರು ಬರಲಿಲ್ಲ. ಮೈದಾನದ ತುಂಬ ಯಾರೂ ವಾಸ ಮಾಡದ ಮನೆಗಳು ಬಂದ್ವು. ಕೊನೆಗೆ ಎಲ್ಲಾನೂ ಕೆಡವಿದ್ರು. ಈಗ ಅಲ್ಲಿ ಶಾಪಿಂಗ್ ಮಾಲ್ ಇದೆ."

ಅವನು ತನ್ನನ್ನು ಮೊದಲ ಬಾರಿ ಹೆಸರು ಹಿಡಿದು ಕರೆದದ್ದು ರಮಾಳ ಎದೆಗೆ ತಾಗಿತ್ತು. ಅದರ ಜೊತೆಗೇ ಸಿಟ್ಟೂ ಉಕ್ಕಿತು.

"ಇಷ್ಟು ದಿನ ಸ್ಟೇಡಿಯಂ ಕಥೆ ಹೇಳಿದ್ರಿ. ನಿಮ್ಮ ಮನಸ್ಸಲ್ಲೇನಿದೆ ಅಂತ ಒಂದ್ಸಲನಾದ್ರೂ ಹೇಳಿದ್ರಾ?"

"ಹೋಗಬೇಡಿ ಅನ್ನೋಕೆ ನಾನ್ಯಾರು?"

"ಹೋಗಬೇಡ ಅಂದ್ರೂ ಹೋಗ್ತೀನಿ. ಮಗಳು ಕಾಯ್ತಿದಾಳೆ. ಬೇರೆ ಏನಾದ್ರೂ ಕೇಳಿ."

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಎದುರುಮನೆಯವರು ನಾಯಿಯೊಂದಿಗೆ ಹಾದುಹೋಗುವವರೆಗೆ ಕಾದ.

"ನೀವಂದ್ರೆ ನಂಗೆ ತುಂಬಾ ಇಷ್ಟ. ನಾನೂ ಬರಲಾ?"

ರಮಾ ಮನೆ ಮುಂದಿನ ಡ್ರೈವ್‌ವೇ ಅಂಚಿನಲ್ಲೇ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಹಾಗೇ ಫೋನ್ ಎತ್ತಿ ಮಗಳಿಗೆ ಮಾಡಿದಳು.

"ಸಿಯಾ, ಇವತ್ತು ಊಟಕ್ಕೆ ಇಬ್ಬರು ಬರ್ತೀವಿ."

"ಸ್ಟೇಡಿಯಂ ಅಂಕಲ್?" ಆ ಕಡೆಯಿಂದ ಕಿರುಚಿದಂಥ ದನಿ. "ಫೈನಲಿ, ಅಮ್ಮಾ! ಐ ವಾಸ್ ಗೋಯಿಂಗ್ ಟು ಕಾಲ್ ಹಿಮ್ ಮೈಸೆಲ್ಫ್!"

ಮೋಹನರಾಜ ತನ್ನ ಕಾರನ್ನು ಸುಚೇತಾಳ ಮನೆ ಮುಂದೆ ಬಿಟ್ಟು ರಮಾಳ ಕಾರು ಹತ್ತಿದ. ಬಟ್ಟೆಬರೆ ಇಲ್ಲ, ಹಲ್ಲುಜ್ಜುವ ಬ್ರಷ್ ಸಹ ಇಲ್ಲ. ಕಾರು ಅರ್ಧ ದಾರಿಯ ವೇಕೋ ಊರನ್ನು ದಾಟಿತು. ಹೇಳಿದ ಮಾತು ಇನ್ನೂ ಬಿಸಿಯಾಗಿತ್ತು.

"ಕೈ ಹಿಡ್ಕೋಬಹುದಾ?" ಎಂದ ಅವನು.

"ಡ್ರೈವ್ ಮಾಡ್ತಿದೀನಿ, ಕಾಣಲ್ವಾ?"

ಅವನು ತಲೆಯಾಡಿಸಿ ಕಿಟಕಿಯಾಚೆ ನೋಡಿದ. ಎದುರಿನ ರಸ್ತೆ ಖಾಲಿಯಾಗುವುದನ್ನೇ ಕಾದಿದ್ದ ರಮಾ, ಎಡಗೈಯಲ್ಲಿ ಸ್ಟಿಯರಿಂಗನ್ನು ಭದ್ರವಾಗಿ ಹಿಡಿದು, ಅವನ ಕಡೆ ತಿರುಗದೆಯೇ ಬಲಗೈ ಚಾಚಿದಳು.

"ತಗೊಳ್ಳಿ," ಎಂದಳು. "ಹೈವೇ ಎಕ್ಸಿಟ್ ಬಂದಾಗ ವಾಪಸ್ ಕೊಡಬೇಕು."

ಎಕ್ಸಿಟ್ ಬಂದಾಗಲೂ ಅವನು ಕೊಡಲಿಲ್ಲ.