ತಾತನ ಕಾರಿಗೆ ಹೊಸ ಎಂಜಿನ್

"ಈ ಎಂಜಿನ್ ತೆಗೆದುಬಿಡಿ. ಹೊಸದು ಹಾಕಿ."

ಡ್ರಾಯಿಂಗ್ ಮೇಷ್ಟ್ರು ಇಷ್ಟು ಹೇಳಿದ್ದೇ ತಡ, ಗ್ಯಾರೇಜಿನ ಮೆಕ್ಯಾನಿಕ್ ಹುಡುಗಿಯ ಎದೆ ಧಸಕ್ಕೆಂದಿತು.

ಮೇಷ್ಟ್ರ ತಾತನ ಕಾಲದ ಆ ಕಾರು ತಿಂಗಳಿಗೊಮ್ಮೆ ತಪ್ಪದೆ ಕೆಡುತ್ತಿತ್ತು. ಕಾರು ಕೆಟ್ಟರೆ ಮೇಷ್ಟ್ರು ಬರುತ್ತಿದ್ದರು. ಅವರು ಬಂದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಸ ಎಂಜಿನ್ ಕೂತರೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದರೆ ಮುಗಿಯಿತು. ಆಮೇಲೆ ಅವರ ಮುಖ ನೋಡುವುದೆಲ್ಲಿ...?

ಹಾಗಂತ ಬಾಯಿಬಿಟ್ಟು ಹೇಳಲಾದೀತೇ? ಅವಳು ಕಾರಿನ ಪರ ವಕಾಲತ್ತು ಶುರುಮಾಡಿದಳು. ಕಾರು ಹುಟ್ಟಿದಾಗಿನಿಂದ ಇರುವ ಎಂಜಿನ್, ಆ ಸದ್ದು ಹೊಸದಕ್ಕೆ ಬರುವುದಿಲ್ಲ, ಕಾರಿನ ಜೀವವೇ ಅದು ಎಂದೆಲ್ಲ ಹೇಳಿದಳು. ಮೇಷ್ಟ್ರು ಜಗ್ಗಲಿಲ್ಲ. ಮೊನ್ನೆ ಕಾರು ನಡುರಸ್ತೆಯಲ್ಲಿ ನಿಂತುಹೋಗಿ, ಮಂಡಿನೋವಿನ ಅಮ್ಮ ಬಿಸಿಲಲ್ಲಿ ಅರ್ಧ ದಾರಿ ನಡೆಯಬೇಕಾಯಿತು ಎಂದರು.

ಥೂ, ನನ್ನ ಆಸೆಗೆ ಆ ಹಿರಿಯ ಜೀವ ನಡೆಯಬೇಕೇ ಎಂದು ಅವಳು ತನ್ನನ್ನೇ ಬೈದುಕೊಂಡಳು. ಒಪ್ಪಿಕೊಂಡಳು.

ಗ್ಯಾರೇಜಿನ ಯಜಮಾನ ಅವಳ ಸೋದರಮಾವ. ಸೊಸೆಯ ಸಪ್ಪೆ ಮುಖ ನೋಡಿ, ಎಂಜಿನ್ ಇಳಿಸುತ್ತಿದ್ದೀಯೋ, ಮಗಳನ್ನು ಗಂಡನ ಮನೆಗೆ ಕಳಿಸುತ್ತಿದ್ದೀಯೋ ಎಂದು ಕಿಚಾಯಿಸಿದ. ಅವಳು ನಗಲಿಲ್ಲ. ಕಾರಿನ ಮೈಗೆ ಒಂದೇ ಒಂದು ಹೊಸ ತೂತು ಕೊರೆಯದೆ, ಹಳೆಯ ಬೋಲ್ಟಿನ ಜಾಗಕ್ಕೇ ಹೊಂದುವ ಕಬ್ಬಿಣದ ಪಟ್ಟಿ ಮಾಡಿಸಿ ಹೊಸ ಎಂಜಿನ್ ಕೂರಿಸಿದಳು. ಬೇಕೆಂದಾಗ ಹಳೆಯದು ವಾಪಸ್ ಕೂರಬೇಕು, ಅದು ಅವಳ ಪದ್ಧತಿ. ಇಷ್ಟು ಅಚ್ಚುಕಟ್ಟಾಗಿ ಮಾಡಿ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಾರು ಒಯ್ಯಲು ಬಂದ ಮೇಷ್ಟ್ರು ಕೀಲಿ ತೆಗೆದುಕೊಂಡರು. ಹೊರಡಲಿಲ್ಲ.

"ಇನ್ಮೇಲೆ ನಿಮಗೆ ನನ್ನ ಕಾಟ ಇರಲ್ಲ," ಎಂದರು.

"ಕಾಟ ಅಂತ ಯಾರು ಹೇಳಿದ್ರು?"

"ನಾನು ಬಂದಾಗೆಲ್ಲ ಹುಬ್ಬು ಗಂಟು ಹಾಕ್ಕೊಂಡು ಕಣ್ಣು ಮುಚ್ಕೊಳ್ತಿದ್ರಲ್ಲ. ನನ್ನ ಮುಖ ನೋಡೋಕೂ ಇಷ್ಟ ಇಲ್ಲವೇನೋ ಅಂದ್ಕೊಂಡೆ."

ಅಯ್ಯೋ ದೇವರೇ... ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಒಳಗಿನ ಸದ್ದು ಆಲಿಸುವಾಗ ಅವಳ ಮುಖ ಇರುವುದೇ ಹಾಗೆ! ಈ ಮನುಷ್ಯ ಅದನ್ನು ಇಷ್ಟು ದಿನ ಕೋಪವೆಂದು ತಿಳಿದಿದ್ದಾರೆ.

"ಅದು ಎಂಜಿನ್ ಸದ್ದು ಕೇಳೋ ಮುಖ ರೀ," ಎಂದಳು. ಕಣ್ಣು ತುಂಬಿ ಬಂತು. "ಹಳೇದೇ ಇರ್ಲಿ ಅಂತ ವಾದ ಮಾಡಿದ್ದು ಕಾರಿಗೋಸ್ಕರ ಅಲ್ಲ. ಅದು ಕೆಟ್ರೆ ತಾನೇ ನೀವು ಬರೋದು?"

ಮೇಷ್ಟ್ರು ಕೀಲಿಯನ್ನು ಕಾರಿನ ಮೇಲಿಟ್ಟು ಅವಳತ್ತ ತಿರುಗಿದರು.

"ನನಗೂ ನೀವಂದ್ರೆ ತುಂಬಾ ಇಷ್ಟ. ಕಾರು ಕೆಡದಿದ್ರೂ ಬರ್ತೀನಿ... ಬೈತೀರಾ?"

"ಬರದಿದ್ರೆ ಬೈತೀನಿ."