ಕೊನೆಯವನ ಮುಂದೆ ನಡೆದವಳು

ಮಿನಿಬಸ್ಸಿನಿಂದ ಕೆಳಗಿಳಿದ ಲಾದನ್‌ಗೆ ಮೊದಲು ಕಂಡವನೇ ಅವನು.

ಬರ್ದಿಯಾ...

ಐದು ತಿಂಗಳ ಹಿಂದೆ ಬೆರಳಿನ ನಿಶ್ಚಿತಾರ್ಥದ ಉಂಗುರ ಕಳಚಿ, ಚಿಕ್ಕಮ್ಮನ ಕೈಯಲ್ಲಿ ಅವನ ಮನೆಗೆ ವಾಪಸ್ ಕಳಿಸಿದ್ದಳು. ಅಂದಿನಿಂದ ಈ ಮುಖ ನೋಡಿರಲಿಲ್ಲ. ನೋಡಲೇಬಾರದು ಎಂದುಕೊಂಡಿದ್ದಳು. ಈಗ ನೋಡಿದರೆ ಸರ್‌ಚಶ್ಮೆ ಹಳ್ಳಿಯ ಅಕ್ರೋಟು ಮರದ ಕೆಳಗೆ, ಬೆಳಗಿನ ಐದು ಗಂಟೆಯ ಚಳಿಯಲ್ಲಿ, ಬೂಟಿನ ಲಾಡಿ ಕಟ್ಟುತ್ತಾ ಕೂತಿದ್ದಾನೆ! ಗಡ್ಡ ಬೆಳೆದಿದೆ. ಕೆನ್ನೆ ಒಳಕ್ಕೆ ಹೋಗಿದೆ.

ಅವನೂ ತಲೆಯೆತ್ತಿದ. ಲಾಡಿ ಅರ್ಧಕ್ಕೇ ಕೈಯಲ್ಲಿ ಉಳಿಯಿತು.

ಲಾದನ್ ನೆಟ್ಟಗೆ ಹಶ್ಮತ್ ಆಗಾ ಹತ್ತಿರ ಹೋದಳು. ಅರವತ್ತೆಂಟು ವರ್ಷದ ಹಶ್ಮತ್ ಆಗಾ ಮೂವತ್ತು ವರ್ಷದಿಂದ ಊರಿನ ಬೆಟ್ಟ ಹತ್ತುವವರ ಸಂಘವನ್ನು ನಡೆಸಿಕೊಂಡು ಬಂದವರು. ಅವನು ಬರುವುದಿಲ್ಲ ಎಂದು ನೀವೇ ಮಾತು ಕೊಟ್ಟಿದ್ದಿರಲ್ಲ ಎಂದು ಅವಳು ಕೇಳಿದಳು. ಮುದುಕರು ಉಣ್ಣೆ ಟೋಪಿಯೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡರು.

"ಇವತ್ತು ಸಾಲಿನ ಕೊನೆಗೆ ನಡೆಯೋಕೆ ಜನ ಇಲ್ಲಮ್ಮ. ಮೇಲಿನ ಆ ಹಿಮದ ಕೊಲ್ಲಿ ಅವನಷ್ಟು ಯಾರಿಗೂ ಗೊತ್ತಿಲ್ಲ. ನೀನು ನನ್ನ ಬೆನ್ನಿಗೇ ನಡಿ. ನಿಮ್ಮಿಬ್ಬರ ಮಧ್ಯೆ ಒಂಬತ್ತು ಜನ ಇರ್ತಾರೆ. ಅವನ ಮುಖ ನೋಡೋ ಪ್ರಮೇಯಾನೇ ಬರಲ್ಲ."

ವಾಪಸ್ ಹೋಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹೋಗುವುದಾದರೂ ಹೇಗೆ? ಅವಳ ಅಣ್ಣ ಇರಜ್ ಆ ಬೆಟ್ಟದಲ್ಲಿ ಹಿಮದ ಅಡಿಯಲ್ಲಿ ಇದ್ದಾನೆ.

ನಡುಚಳಿಗಾಲ, ದೇ ತಿಂಗಳ ಒಂದು ಶುಕ್ರವಾರ ಇರಜ್ ಮತ್ತು ಬರ್ದಿಯಾ ಇಬ್ಬರೇ ಹತ್ತಿದ್ದರು. ಕೊಲ್ಲಿ ದಾಟುವಾಗ ಹಿಮ ಕುಸಿಯಿತು. ಕೆಳಗೆ ಬಂದವನು ಬರ್ದಿಯಾ ಒಬ್ಬನೇ. ಹುಡುಕುವವರು ನಾಲ್ಕು ದಿನ ಅಗೆದರು. ಐದನೇ ದಿನ ಗಾಳಿ ಹಿಮ ಎರಡೂ ಶುರುವಾಗಿ, ಇನ್ನು ಬೇಸಿಗೆ ಬರಲಿ ಎಂದುಬಿಟ್ಟರು.

ಅಪಾಯದ ಜಾಗವನ್ನು ಗೊತ್ತಿರುವವನೇ ಮೊದಲು ದಾಟಬೇಕು, ಹೊಸಬ ಹಿಂದೆ ಬರಬೇಕು. ಅದು ಬೆಟ್ಟ ಹತ್ತುವವರ ಮೊದಲನೇ ಪಾಠ. ಇರಜ್‌ಗೆ ಅದು ಮೂರನೇ ಬೆಟ್ಟ. ಬರ್ದಿಯಾ ಹತ್ತು ವರ್ಷದಿಂದ ಜನರನ್ನು ಕರೆದುಕೊಂಡು ಹೋಗುವವನು. ಹಾಗಾದರೆ ಅಣ್ಣ ಮುಂದೆ ಹೋದದ್ದು ಯಾಕೆ? ಲಾದನ್ ಅವತ್ತೇ ಕೇಳಿದ್ದಳು. ‘ನಾನೇ ಅವರನ್ನ ಮೊದಲು ಕಳಿಸಿದೆ’ ಎಂದಷ್ಟೇ ಹೇಳಿ ಅವನು ಬಾಯಿ ಮುಚ್ಚಿಕೊಂಡ. ಹಿಮ ತಡೆಯುತ್ತದೋ ಇಲ್ಲವೋ ನೋಡಲು ಭಾವಮೈದುನನನ್ನು ಮುಂದೆ ಬಿಟ್ಟ ಎಂದು ಊರು ಆಡಿಕೊಂಡಿತು. ಅವನು ಅಲ್ಲಗಳೆಯಲಿಲ್ಲ. ಉಂಗುರ ವಾಪಸ್ ಹೋಯಿತು.

ಅಮ್ಮನಂತೂ ಮಗ ಸತ್ತನೆಂದೇ ಒಪ್ಪಿಲ್ಲ. ಶೋಕದ ಕಪ್ಪು ಬಟ್ಟೆ ಉಟ್ಟಿಲ್ಲ. ನಲವತ್ತನೇ ದಿನ ಪಕ್ಕದ ಮನೆಯವರು ಸತ್ತವರ ಹೆಸರಿನ ಹಲ್ವಾ ತಂದಾಗ ತಟ್ಟೆಯನ್ನು ಹಾಗೇ ವಾಪಸ್ ಕೊಟ್ಟು, ಅವರ ಜೊತೆ ಮಾತೇ ಬಿಟ್ಟಳು.

ಲಾದನ್‌ಗೆ ಬೇಕಿದ್ದದ್ದು ಅಣ್ಣನ ದೇಹ, ಆಮೇಲೆ ಆ ಒಂದು ಪ್ರಶ್ನೆಗೆ ಉತ್ತರ. ಎರಡೂ ಸಿಗುತ್ತವೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಬರ್ದಿಯಾ ಮೇಲಿನ ಪ್ರೀತಿ ಸತ್ತಿದ್ದರೆ ಎಷ್ಟೋ ಸುಖವಿತ್ತು. ಅದು ಸಾಯುತ್ತಲೂ ಇರಲಿಲ್ಲ.

ಹನ್ನೆರಡು ಜನರ ಸಾಲು ಹೊರಟಿತು.

ಅರ್ಧ ಗಂಟೆ ಹಶ್ಮತ್ ಆಗಾ ಬೆನ್ನಿಗೇ ನಡೆದಳು. ಆಮೇಲೆ ಏದುಸಿರು ಹತ್ತಿತು. ಒಬ್ಬರು ಅವಳನ್ನು ದಾಟಿದರು, ‘ದಣಿವಾಗದಿರಲಿ’ ಎಂದರು. ಮತ್ತೊಬ್ಬರು ದಾಟಿದರು, ಅವರೂ ‘ದಣಿವಾಗದಿರಲಿ’ ಎಂದರು. ಹೀಗೆ ಒಂಬತ್ತು ಜನ ಒಂಬತ್ತು ಸಲ ಹಾರೈಸಿ ಮುಂದೆ ಹೋದ ಮೇಲೆ ಅವಳ ಹಿಂದೆ ಉಳಿದದ್ದು ಒಂದೇ ಜೊತೆ ಬೂಟಿನ ಸದ್ದು.

ಹಳದಿ ಹೂವಿನ ಇಳಿಜಾರು ಮುಗಿದು ಹಿಮ ಶುರುವಾಯಿತು. ಬೆಳಗಿನ ಹಿಮ ಗಟ್ಟಿ, ಬೂಟಿನ ತುದಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಬೇಕು. ಅವಳು ನಿಂತರೆ ಹಿಂದಿನ ಸದ್ದೂ ನಿಲ್ಲುತ್ತಿತ್ತು. ಕೂತರೆ ಅವನೂ ಹತ್ತು ಹೆಜ್ಜೆ ದೂರದಲ್ಲಿ ಕೂರುತ್ತಿದ್ದ. ಅವಳಿಗೆ ರೇಗಿಹೋಯಿತು.

"ಮುಂದೆ ಹೋಗಿ ನೀವು."

"ಆಗಲ್ಲ. ಕೊನೆಯವನ ಹಿಂದೆ ಯಾರನ್ನೂ ಬಿಡೋ ಹಾಗಿಲ್ಲ."

"ನಾನು ಇಲ್ಲೇ ಸಂಜೆ ತನಕ ಕೂತ್ರೆ?"

"ನಾನೂ ಕೂತಿರ್ತೀನಿ."

‘ಇದೊಳ್ಳೆ ಗ್ರಹಚಾರ...’ ಯಾರಿಂದ ದೂರ ಓಡಬೇಕೋ ಅವನಿಂದ ಓಡಲು ಉಸಿರೇ ಇಲ್ಲವಲ್ಲ! ಹಲ್ಲು ಕಚ್ಚಿ ಎದ್ದಳು. ಇಪ್ಪತ್ತು ಹೆಜ್ಜೆ ಹೋದಳು, ಮತ್ತೆ ನಿಂತಳು. ಅವಳು ಜಾರಿದ ಕಡೆಯಲ್ಲೆಲ್ಲ ಅವನ ಉಸಿರು ಒಂದು ಕ್ಷಣ ನಿಂತು ಮತ್ತೆ ಶುರುವಾಗುವುದು ಮಾತ್ರ ಅವಳಿಗೆ ಕೇಳುತ್ತಿತ್ತು. ಹಾಳಾದ ಕಿವಿ, ಬೇಡವೆಂದರೂ ಕೇಳಿಸಿಕೊಳ್ಳುತ್ತಿತ್ತು.

ಹತ್ತು ಗಂಟೆಗೆ ಕೊಲ್ಲಿ ಸಿಕ್ಕಿತು.

ಇಷ್ಟೇನಾ? ಅವಳು ಅಂದುಕೊಂಡದ್ದು ಏನೋ ಭಯಂಕರವಾದದ್ದನ್ನು. ಇದು ಎರಡು ಬಂಡೆಗಳ ನಡುವೆ ನಲವತ್ತು ಹೆಜ್ಜೆ ಅಗಲದ ಬಿಳಿ ಇಳಿಜಾರು. ನಲವತ್ತೇ ಹೆಜ್ಜೆ. ಕೆಳಗೆಲ್ಲೋ ಹಿಮದ ಅಡಿಯಲ್ಲಿ ನೀರು ಹರಿಯುವ ಸದ್ದು.

ಎಲ್ಲರೂ ಸಾಲಾಗಿ ನಿಂತು ಉದ್ದನೆಯ ಸಲಾಕೆಗಳನ್ನು ಹಿಮದೊಳಗೆ ಚುಚ್ಚುತ್ತಾ ಒಂದೊಂದೇ ಹೆಜ್ಜೆ ಇಳಿದರು. ಕಲ್ಲಿಗೆ ತಗುಲಿದರೆ ಠಣ್ ಎನ್ನುತ್ತದೆ. ಮೆತ್ತಗೆ ತಗುಲಿದರೆ ಕೈ ಎತ್ತಿ ಕೂಗಬೇಕು. ಲಾದನ್ ಪ್ರತಿ ಸಲ ಚುಚ್ಚುವಾಗಲೂ ‘ಇಲ್ಲಿರಲಿ’ ಎಂದುಕೊಂಡಳು, ಮರುಕ್ಷಣವೇ ‘ಇಲ್ಲಿರದಿರಲಿ’ ಎಂದುಕೊಂಡಳು. ನಾಲ್ಕು ಗಂಟೆ ಹೊತ್ತು ಚುಚ್ಚಿದರು. ಯಾರೂ ಕೈ ಎತ್ತಲಿಲ್ಲ.

ರೊಟ್ಟಿ, ಪನೀರು ಬಿಚ್ಚಿ ಕೂತಾಗ ಹಶ್ಮತ್ ಆಗಾ ಅವಳ ಪಕ್ಕಕ್ಕೆ ಬಂದರು. ನೀರು ಅವನನ್ನು ಎಲ್ಲಿಗೆ ಎಳೆದುಕೊಂಡು ಹೋಗಿದೆಯೋ ಹೇಳಲಾಗದು, ಸಿಗದೆಯೂ ಇರಬಹುದು ಎಂದು ಮೆಲ್ಲಗೆ ಹೇಳಿದರು. ಅವಳು ತಲೆಯಾಡಿಸಿದಳು. ರೊಟ್ಟಿ ಬಾಯಲ್ಲೇ ಉಳಿಯಿತು.

ಎರಡೂವರೆಗೆ ಇಳಿಯತೊಡಗಿದರು. ಬಿಸಿಲಿಗೆ ಹಿಮ ಸಡಿಲವಾಗಿತ್ತು. ಉಳಿದವರು ಸರಸರ ಇಳಿದರು. ಲಾದನ್ ಮತ್ತೆ ಹಿಂದೆ ಬಿದ್ದಳು. ಒಂದು ಕಡೆ ಕಾಲಿಟ್ಟವಳು ತೊಡೆಯ ತನಕ ಹುಗಿದುಹೋದಳು. ಎಳೆದರೆ ಕಾಲು ಬರಲಿಲ್ಲ.

ಬರ್ದಿಯಾ ಓಡಿಬಂದು ಮೊಣಕಾಲೂರಿ ಕೈಯಿಂದಲೇ ಹಿಮ ತೋಡತೊಡಗಿದ. ಅಷ್ಟು ಅವಸರವೇ ಬೇಕಿರಲಿಲ್ಲ. ಅವನು ತೋಡುತ್ತಲೇ ಇದ್ದ, ಉಗುರಿನ ಬುಡದಲ್ಲಿ ರಕ್ತ ಬಂತು. ಕಾಲು ಬಿಡಿಸಿಕೊಂಡ ಮೇಲೂ ಅವನ ಕೈ ನಿಲ್ಲಲಿಲ್ಲ.

"ಸಾಕು..." ಎಂದಳು. "ಬಂತು, ಕಾಲು ಬಂತು. ಸಾಕು ಬರ್ದಿಯಾ."

ಅವನ ಹೆಸರು ಅವಳ ಬಾಯಲ್ಲಿ ಬಂದು ಐದು ತಿಂಗಳಾಗಿತ್ತು. ಅವನು ಹಿಮದಲ್ಲೇ ಕುಸಿದು ಕೂತ.

ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾರೆ ಎಂದು ಅವಳಿಗೆ ಅನ್ನಿಸಿತು.

"ಅಣ್ಣನ್ನ ಯಾಕೆ ಮುಂದೆ ಕಳಿಸಿದ್ರಿ?"

ಅವನು ಕೊಲ್ಲಿಯ ಕಡೆಗೆ ತಿರುಗಿದ.

"ನಾನು ಹೊರಟಿದ್ದೆ. ಒಂದು ಹೆಜ್ಜೆ ಇಟ್ಟೂ ಆಗಿತ್ತು. ಇರಜ್ ಅಣ್ಣ ಹಿಂದಿಂದ ನಕ್ಕು, ‘ಹೋಗಪ್ಪ, ನಮ್ಮನೆ ಅಳಿಯ ಆಗೋನು ಮುಂದೆ ಹೋಗ್ಬೇಕಾದ್ದೇ’ ಅಂದ್ರು. ನಂಗೆ ನಾಚಿಕೆ ಆಯ್ತು. ದೊಡ್ಡೋರು, ನಿನ್ನ ಅಣ್ಣ... ಅವ್ರಿಗೆ ಬೆನ್ನು ತೋರಿಸ್ಕೊಂಡು ಹೇಗೆ ಹೋಗ್ಲಿ? ‘ಇಲ್ಲ, ನೀವು ಮೊದಲು’ ಅಂದೆ. ಅವ್ರು ‘ನೀನು’ ಅಂದ್ರು. ನಾನು ‘ನನ್ನ ಜೀವದಾಣೆ, ನೀವೇ’ ಅಂದೆ. ನಗ್ತಾ ಇದ್ವಿ ಲಾದನ್. ಇಬ್ರೂ ನಗ್ತಾ ಇದ್ವಿ. ಆಣೆ ಹಾಕಿದ್ಮೇಲೆ ಅವ್ರು ಸೋತ್ರು. ಹೋದ್ರು."

ಲಾದನ್ ಹಾಗೇ ನಿಂತುಬಿಟ್ಟಳು.

ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲ ಬಳಿ, ಲಿಫ್ಟಿನ ಬಳಿ, ಹಣ್ಣಿನ ತಟ್ಟೆಯ ಮುಂದೆ ‘ನೀವು ಮೊದಲು, ಉಹೂಂ ನೀವು’ ಎನ್ನುತ್ತಾ ಕಾಲು ನೋಯುವ ತನಕ ನಿಲ್ಲುವವರು ನಾವು. ಆ ಉಪಚಾರವನ್ನು ಅವರಿಬ್ಬರೂ ಹಿಮದ ಮೇಲೂ ಬಿಡಲಿಲ್ಲ. ಅಣ್ಣ ಮಾಡಿರುತ್ತಾನೆ, ಖಂಡಿತ ಮಾಡಿರುತ್ತಾನೆ. ಹೋಟೆಲಿನಲ್ಲಿ ಅವನಿಗಿಂತ ಮೊದಲು ಇನ್ನೊಬ್ಬರು ಒಂದು ತುತ್ತು ತಿನ್ನದಿದ್ದರೆ ಅವನು ಚಮಚವನ್ನೇ ಮುಟ್ಟುತ್ತಿರಲಿಲ್ಲ. ಅವಳಿಗೆ ನಗು ಬಂತು. ನಗು ಅಳುವಾಯಿತು. ಹಿಮದ ಮೇಲೆ ಕೂತು, ಐದು ತಿಂಗಳಿಂದ ಕಟ್ಟಿಟ್ಟದ್ದನ್ನೆಲ್ಲ ಅತ್ತಳು.

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮ ಮಗನ ಜೀವ ಹೋಗಿದ್ದು ನನ್ನ ಮರ್ಯಾದೆ ಮಾತಿಗೆ ಅಂತ ಅಮ್ಮನ ಮುಂದೆ ಹೇಳ್ಲಾ? ಕೊಲೆಗಾರ ಅನ್ನಿಸ್ಕೊಳ್ಳೋದೇ ಮೇಲು ಅನ್ನಿಸ್ತು. ಅದಕ್ಕೆ ಕಾರಣ ಅಂತಾದ್ರೂ ಒಂದಿರುತ್ತೆ." ಅವನು ಮುಖ ಒರೆಸಿಕೊಂಡ. "ನಿಯಮ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಅದು ತಪ್ಪೇ."

ಅಲ್ಲ ಎಂದು ಹೇಳಲು ಅವಳ ಬಾಯಿಗೆ ಆಗಲಿಲ್ಲ. ಸುಳ್ಳಾಗುತ್ತಿತ್ತು. ಇವನೇ ಮುಂದೆ ಹೋಗಿದ್ದರೆ ಅಣ್ಣ ಇವತ್ತು ಇರುತ್ತಿದ್ದ, ಇವನು ಇರುತ್ತಿರಲಿಲ್ಲ. ಯಾರಿರಲಿ ಎಂದು ಅವಳು ಕೇಳಿಕೊಳ್ಳಬೇಕಿತ್ತು? ಆ ಲೆಕ್ಕವನ್ನು ಮನಸ್ಸು ಮುಟ್ಟಲೇ ಇಲ್ಲ.

"ನನ್ನ ಕೋಪ ಹೋಗಿಲ್ಲ," ಎಂದಳು. "ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಹೋಗ್ಲಿ ಅಂತ ನಾನು ಕೇಳಿಲ್ಲ."

"ಪ್ರೀತೀನೂ ಹೋಗಿಲ್ಲ. ಅದನ್ನೇನು ಮಾಡ್ಲಿ ಹೇಳು?"

ಅವನು ರಕ್ತ ಬಂದ ಬೆರಳುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡ. ಲಾದನ್ ಕುತ್ತಿಗೆಯ ಬಟ್ಟೆ ಬಿಚ್ಚಿ, ಆ ಕೈಯನ್ನು ಎಳೆದು ಸುತ್ತಿ ಕಟ್ಟಿದಳು. ಕೆಳಗಿನಿಂದ ಹಶ್ಮತ್ ಆಗಾ ಶಿಳ್ಳೆ ಹಾಕಿ ಕರೆಯುತ್ತಿದ್ದರು.

"ಅಮ್ಮನಿಗೆ ಹೇಳ್ಬೇಕು," ಎಂದಳು. "ಅಣ್ಣ ಸತ್ತಿದಾನೆ ಅಂತ, ಹೇಗೆ ಅಂತ. ನಾನೊಬ್ಳೇ ಹೇಳೋಕಾಗಲ್ಲ. ಅವ್ನ ಕೊನೇ ಮಾತು ಕೇಳಿದವನು ನೀನು. ಇವತ್ತೇ ಬಾ."

"ಅಮ್ಮ ನನ್ನ ಮುಖಕ್ಕೇ ಬಾಗಿಲು ಹಾಕ್ತಾರೆ."

"ಹಾಕ್ತಾಳೆ. ಬಯ್ತಾಳೆ. ಶಾಪಾನೂ ಹಾಕ್ಬಹುದು. ನೀನು ಮೆಟ್ಟಿಲ ಮೇಲೆ ಕೂತ್ಕೋ."

"ಎಷ್ಟು ಹೊತ್ತು?"

"ಬಾಗಿಲು ತೆಗೆಯೋ ತನಕ."

"ತೆಗೀದೇ ಇದ್ರೆ ಲಾದನ್?"

ತೆಗೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಇವತ್ತಲ್ಲ, ಈ ತಿಂಗಳಲ್ಲ, ಬಹುಶಃ ಯಾವತ್ತೂ ಅಲ್ಲ. ಅವಳು ಎದ್ದು ನಿಂತು, ಬಟ್ಟೆ ಸುತ್ತಿದ ಅವನ ಕೈ ಹಿಡಿದು ಎಬ್ಬಿಸಿದಳು.

"ನಾನೂ ಹೊರಗೇ ಬಂದು ನಿನ್ನ ಪಕ್ಕ ಕೂರ್ತೀನಿ."