ಹದಿನಾಲ್ಕು ತಾಸಿನ ದಾರಿ

"ಈಗ್ಯಾಕ ಬಂದ್ರಿ?"

ಹೊಸ್ತಿಲಲ್ಲೇ ಲಾವಣ್ಯ ಕೇಳಿದ ಮೊದಲ ಮಾತು ಅದು. ವರ್ಷವಿಡೀ ಫೋನಿನಲ್ಲಿ ಮಾತಾಡಿದ್ದ ಶಿವಕೃಷ್ಣನನ್ನು ಎದುರಿಗೆ ಕಂಡದ್ದು ಇದೇ ಮೊದಲು. ಪರದೆಯ ಮೇಲೆ ಕಂಡದ್ದಕ್ಕಿಂತ ಗಿಡ್ಡ.

"ಒಳಗ ಬರ್ಲಾ?"

"ಹಿರಿಯರು ನಿನ್ನೆ ಸಂಜಿಗೇ ಎದ್ದು ಹೋದ್ರು. ಇನ್ನೇನೈತಿ ಒಳಗ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕಲ್ಲ...

ಗಂಡ ನಾಗೇಶ ತೀರಿಕೊಂಡ ಮೇಲೆ ಅವಳು ಪೆದ್ದಹರಿವಾಣದ ತವರಿಗೆ ಬಂದಿದ್ದಳು. ಆದೋನಿಯ ಶಿವಕೃಷ್ಣನಿಗೆ ನ್ಯೂಜಿಲೆಂಡಿನ ಕುರಿ ಫಾರ್ಮಿನಲ್ಲಿ ಕೆಲಸ. ಸಂಬಂಧ ಕೂಡಿಸಿದವಳು ಲಾವಣ್ಯಳ ಅವ್ವ ಪಕೀರಮ್ಮ. ನಿನ್ನೆ ಉಡಿಕೆ ಆಗಬೇಕಿತ್ತು. ಹಿರಿಯರ ಮುಂದೆ ಗಂಡು ಸೀರೆ ಕೊಡಬೇಕು, ವಿಧವೆ ಅದನ್ನು ಉಡಬೇಕು. ಅಷ್ಟೇ ಮದುವೆ.

ಹೊತ್ತು ಗೊತ್ತುಮಾಡಿದವಳು ಲಾವಣ್ಯಳೇ; ಅವನು ಹೇಳಿದ್ದು ವಿಮಾನ ಹತ್ತುವ ಹೊತ್ತನ್ನಷ್ಟೇ. ಆಕ್ಲೆಂಡಿನಿಂದ ಹೈದರಾಬಾದಿಗೆ ಹನ್ನೆರಡು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ, ಹಾರಾಟ ಸುಮಾರು ಹದಿನಾಲ್ಕು ತಾಸು ಎಂದು ಫೋನು ಹೇಳಿತ್ತು. ರೈಲಿನ ಹೊತ್ತನ್ನೂ ಕೂಡಿಸಿ ಹಿರಿಯರನ್ನು ಕರೆಸಿದ್ದಳು.

ಅವನು ಬರಲಿಲ್ಲ. ಫೋನೂ ಹತ್ತಲಿಲ್ಲ.

"ಏಂ ಪಕೀರಮ್ಮ, ವಿಮಾನ ಏನ್ ಪ್ಯಾಸೆಂಜರ್ ಗಾಡ್ಯಾ, ಕೋಸಗಿ ಸ್ಟೇಷನ್ ಹೊರಗ ನಿಲ್ಲಾಕ?" ಎಂದು ಹಿರಿಯ ಏಕಾಂತಪ್ಪ ಟವೆಲ್ ಕೊಡವಿಕೊಂಡು ಎದ್ದಿದ್ದ.

ಒಬ್ಬ ಮಣ್ಣಿಗೆ ಹೋದ. ಇನ್ನೊಬ್ಬ ಮನಸ್ಸು ಬದಲಿಸಿದ... ಎಂದುಕೊಂಡಿದ್ದಳು ಲಾವಣ್ಯ.

"ಹದಿನಾಲ್ಕು ತಾಸು ಅಂತ ನಾನೇ ನೋಡೀನ್ರಿ!" ಎಂದಳು ಈಗ, ಹೊಸ್ತಿಲಲ್ಲಿ ನಿಂತವನಿಗೆ.

"ಅದು ಹಕ್ಕಿ ಹಾರಿದಂಗ ಗೆರಿ ಎಳದು ಹಾಕಿದ ಲೆಕ್ಕ ರೀ. ಅಂಥ ವಿಮಾನನ ಇಲ್ಲ. ಎರಡು ಕಡೆ ಇಳದು ಹತ್ತೀನಿ. ಒಂದು ಕಡೆ ಇಡೀ ರಾತ್ರಿ ಕುರ್ಚಿ ಮ್ಯಾಲೇ ಕುಂತೀನಿ."

"ಫೋನು?"

"ಚಾರ್ಜ್ ಇರಲಿಲ್ಲ. ಚಾರ್ಜರ್ ಪೆಟ್ಟಿಗ್ಯಾಗ."

"ಪೆಟ್ಟಿಗಿ?"

ಅವನು ತಲೆ ತಗ್ಗಿಸಿದ. "ಅದು ನನ್ನ ವಿಮಾನದಾಗ ಬಂದಿಲ್ಲ. ಸೀರಿನೂ ಅದರಾಗ ಐತಿ... ಬರೇ ಕೈಲೇ ಬರಬಾರ್ದು ಅಂತ ಗೊತ್ತು. ಕಾಯ್ಕೋತ ಕುಂತ್ರ ನೀವು ತಪ್ಪು ತಿಳಕೋತಿದ್ರಿ."

"ತಿಳಕೊಂಡಾಗೈತಿ."

"ಮೊದ್ಲು ಅವಂಗ ನೀರು ಕೊಡವ್ವಾ! ಆಮ್ಯಾಲೆ ಜಗಳ ಆಡು," ಒಳಗಿನಿಂದ ಪಕೀರಮ್ಮ ಕೂಗಿದಳು.

ಲಾವಣ್ಯ ಚೊಂಬು ತಂದುಕೊಟ್ಟಳು. ಅವನು ನಿಂತೇ ಕುಡಿದ.

"ಈಗಲೇ ಆದೋನಿ ಬಜಾರಕ್ಕ ಹೋಗಿ ತರ್ತೀನಿ. ಯಾವ ಬಣ್ಣ ತರ್ಲಿ?"

ಎಷ್ಟೋ ದಿನಗಳಿಂದ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅವಳು ಮನಸ್ಸಿನೊಳಗೆ ಹುಡುಕಿದಳು. ಒಂದು ಬಣ್ಣವೂ ಸಿಗಲಿಲ್ಲ. ಕಣ್ಣು ಮಾತ್ರ ತುಂಬಿತು.

"ನನಗ ಏನೂ ಅನಸೂದಿಲ್ಲ ಅಂದ್ಕೊಂಡಿದ್ನಿ," ಎಂದಳು ಮೆಲ್ಲಗೆ. "ನಿನ್ನೆ ನೀವು ಬರ್ಲಿಲ್ಲಲ್ಲ... ಅಂಜಿಕಿ ಆತು."

ಅವನ ಕೈಯಿಂದ ಅವಳು ಚೊಂಬು ತೆಗೆದುಕೊಂಡಳು.

"ಬಜಾರಕ್ಕ ನಾನೂ ಬರ್ತೀನಿ. ಮೊದ್ಲು ಮಲಕ್ಕೊಳ್ರಿ. ನಿಂತಲ್ಲೇ ತೂಗಾಡಾಕ ಹತ್ತೀರಿ."

"ಎದ್ದಾಗ ನೀನು ಇಲ್ಲೇ ಇರ್ತೀಯಲ್ಲ?"

"ಇರ್ತೀನಿ... ನಾನೇ ಎಬ್ಬಸ್ತೀನಿ."